ಎಕ್ಸಿಟ್ ಬಾಗಿಲ ಬಳಿಯ ಒದ್ದೆ ಗೋಣಿ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಅಮ್ಮ ಬಿದಿರು ಬುಟ್ಟಿ ಹೆಣೆದು, ಸಂತೆಯಲ್ಲಿ ಮಾರಿ ನನ್ನನ್ನು ಇಂಜಿನಿಯರ್ ಮಾಡಿದಳು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಿರಲಿಲ್ಲ, ಕೇಳದವರಿಗೂ ಹೇಳುತ್ತಿದ್ದೆ. ಅದಕ್ಕೇ ಆ ಮಧ್ಯಾಹ್ನ ಮಾಡಿದ ತಪ್ಪು ಇವತ್ತಿಗೂ ಚುಚ್ಚುತ್ತದೆ.

ಸಿಂಗಪುರದ ಉತ್ತರ ತುದಿಯಲ್ಲಿ, ನಮ್ಮ ವುಡ್‌ಲ್ಯಾಂಡ್ಸ್ ಫ್ಲ್ಯಾಟಿಗೆ ಹತ್ತಿರವಿದ್ದ ಸಮುದಾಯ ಕಲಾಕೇಂದ್ರದ ವಾರ್ಷಿಕೋತ್ಸವ. ಕನ್ನಡದವರದು ಒಂದು ಕೋಲಾಟ. ಆದರೆ ಜನ ಕಾದಿದ್ದದ್ದು ಮಲೇಷ್ಯಾದ ಜೊಹೋರ್‌ನಿಂದ ಬಂದ ಕಡಲ ಮೂಲನಿವಾಸಿಗಳ ತಂಡಕ್ಕೆ. ಅವರ ಹಿರಿಯರು ಒಂದು ಕಾಲದಲ್ಲಿ ಇದೇ ದಡದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲೇ ಬಾಳಿದವರು. ಈಗ ಪಾಸ್‌ಪೋರ್ಟ್ ಹಿಡಿದು, ಸೇತುವೆ ದಾಟಿ, ಅತಿಥಿಗಳಾಗಿ ಬಂದಿದ್ದರು.

ನಾನು ಜುರಾಂಗ್ ಐಲ್ಯಾಂಡ್‌ನ ಕೆಮಿಕಲ್ ಪ್ಲಾಂಟೊಂದರಲ್ಲಿ ಸೇಫ್ಟಿ ಇಂಜಿನಿಯರ್. ಹಾಗಾಗಿ ವಾಟ್ಸಾಪ್ ಗ್ರೂಪಿನಲ್ಲಿ ಕೆಲಸ ಹಂಚುವಾಗ ವೇದಿಕೆಯ ಹಿಂಭಾಗ ನನ್ನ ಪಾಲಿಗೆ ಬಂತು. ಪ್ಲಾಂಟಿನಲ್ಲಿ ಒಂದು ನಿಯಮವಿದೆ: ಎಕ್ಸಿಟ್ ಬಾಗಿಲ ಮುಂದೆ ಯಾವ ವಸ್ತುವೂ ಇರಕೂಡದು. ವೇದಿಕೆಯ ಹಿಂದಿನ ಎಕ್ಸಿಟ್ ಬಾಗಿಲಿಗೇ ಒರಗಿ ನೀರು ಸೋರುತ್ತಿದ್ದ ಗೋಣಿಯ ಮೂಟೆಯೊಂದಿತ್ತು. ಬಿಚ್ಚಿದರೆ ಬರೀ ಉದ್ದುದ್ದ ಎಲೆಗರಿ. ಅಲಂಕಾರದಲ್ಲಿ ಮಿಕ್ಕಿದ್ದು ಅಂದುಕೊಂಡು ಕೆಳಗಿನ ಕಸದ ತೊಟ್ಟಿಗೆ ಸುರಿದು, ಗೋಣಿಯನ್ನೂ ಅಲ್ಲೇ ಹಾಕಿ, ಕೈ ತೊಳೆದು ಬಂದೆ.

ಜೊಹೋರ್ ತಂಡದ ಸರದಿಗೆ ಐವತ್ತು ನಿಮಿಷ ಇದೆ ಎನ್ನುವಾಗ ಕೋಲಾಟ ಕಲಿಸಿದ ಮೈಸೂರಿನ ಮೇಡಂ ಓಡಿ ಬಂದರು.

“ರೀ, ಡೋರ್ ಹತ್ರ ಗೋಣಿ ಇತ್ತಲ್ಲ, ನೋಡಿದ್ರಾ? ಅವ್ರು ತಲೆಪಟ್ಟಿ ಹೆಣೀಬೇಕಂತೆ. ಅದಿಲ್ದೆ ಯಾರೂ ಸ್ಟೇಜ್ ಹತ್ತಲ್ಲ ಅಂತ ಅವ್ರ ತಂಡದ ಅಜ್ಜಿ ಕೂತ್ಬಿಟ್ಟಿದಾರೆ.”

“ನಾನೇ ಎಸೆದೆ.”

“ನೀವಾ? ಬುಟ್ಟಿ ಹೆಣೆಯೋರ ಮಗ ಅಂತ ಊರಿಗೆಲ್ಲ ಹೇಳ್ತೀರ. ಒದ್ದೆ ಗೋಣೀಲಿ ಸುತ್ತಿಟ್ಟಿದ್ದು ನಿಮಗೆ ಕಸ ಅನ್ನಿಸ್ತಾ?”

ಅಮ್ಮನ ಬಿದಿರು ಸೀಳುಗಳೂ ಹೀಗೇ ಒದ್ದೆ ಗೋಣಿಯಲ್ಲಿ ಬಾಗಿಲ ಹಿಂದೆ ಇರುತ್ತಿದ್ದವು. ಅದನ್ನು ತುಳಿದರೆ ನಮಗೆ ಬೆನ್ನಿಗೆ ಬೀಳುತ್ತಿತ್ತು.

ಮೆಟ್ಟಿಲಿಳಿದು ಓಡಿದೆ. ಅಷ್ಟರಲ್ಲಿ ಯಾರೋ ಊಟದ ಡಬ್ಬಿಗಳನ್ನು ಅದರ ಮೇಲೆಯೇ ಎಸೆದಿದ್ದರು. ಸಿಕ್ಕಷ್ಟನ್ನು ಬಾಚಿಕೊಂಡು, ಗೋಣಿಯನ್ನು ನಲ್ಲಿಯಲ್ಲಿ ಜಾಲಾಡಿ, ಅಜ್ಜಿಯ ಮುಂದೆ ಇಟ್ಟು ತಪ್ಪೊಪ್ಪಿಕೊಂಡೆ. ಇಂಗ್ಲಿಷ್ ಬಲ್ಲ ಅವರ ಮಗಳು ನನ್ನ ಮಾತನ್ನು ತಿಳಿಸಿದರು. ಅಜ್ಜಿ ನನ್ನ ಮುಖ ನೋಡಲಿಲ್ಲ. ಗರಿಗಳನ್ನು ಎರಡು ಗುಡ್ಡೆ ಮಾಡಿದರು. ಹರಿದದ್ದಾದರೆ ಆದೀತು, ಎಂಜಲು ತಾಗಿದ್ದು ತಲೆಗೇರುವುದಿಲ್ಲ ಎಂದು ಮಗಳು ವಿವರಿಸಿದರು. ಎಂಟು ಜನರ ಗರಿಯಲ್ಲಿ ಐವರಿಗೆ ಆಗುವಷ್ಟು ಉಳಿಯಿತು.

“ಇಪ್ಪತ್ತೇ ನಿಮಿಷ ಇರೋದು, ರೀ,” ಅಂದರು ಮೇಡಂ.

ನಾನು ನೆಲಕ್ಕೆ ಕೂತೆ. ಗರಿ ಒರೆಸಿ, ಅಳತೆ ನೋಡಿ, ತುದಿಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ ಕೊಡತೊಡಗಿದೆ. ಅಜ್ಜಿಯ ಕೈ ನಿಂತಿತು. ಯಾರು ಕಲಿಸಿದರು ಎಂದು ಮಗಳ ಮೂಲಕ ಕೇಳಿದರು.

ಅಮ್ಮ ಎಂದೆ.

ಹಾಗಾದರೆ ನೀನೂ ಹೆಣೆ ಎಂದರು.

ನನಗೆ ಬರುವುದಿಲ್ಲ, ನಿನ್ನ ಕೈ ಪೆನ್ನು ಹಿಡಿಯುವುದಕ್ಕೆ ಅಂತ ಅಮ್ಮ ಜೋಡಿಸಿಕೊಡಲು ಬಿಟ್ಟಳೇ ಹೊರತು ಹೆಣಿಗೆ ಮುಟ್ಟಗೊಡಲಿಲ್ಲ ಎಂದೆ.

ಅಜ್ಜಿ ಏನೋ ಅಂದರು, ತಂಡವೆಲ್ಲ ನಕ್ಕಿತು. ಮಗಳು ನಗು ತಡೆದು ಹೇಳಿದರು: “ಅದಕ್ಕೇ ಎಸೆದಿದ್ದಾನೆ, ಅಂತಾರೆ.”

ಐದನೆಯ ಪಟ್ಟಿ ಮುಗಿದಾಗ ಹೊರಗೆ ಹೆಸರು ಕೂಗುತ್ತಿದ್ದರು. ಅಜ್ಜಿ ಅದನ್ನು ತಾವು ಇಟ್ಟುಕೊಳ್ಳದೆ ಮಗಳ ತಲೆಗೆ ಕಟ್ಟಿ ಕಳಿಸಿದರು. ಎಂಟು ಕಲಾವಿದರು ಎಂದು ಮೈಕಿನಲ್ಲಿ ಹೇಳಿದರು. ಹತ್ತಿದ್ದು ಐದು ಜನ. ಸಭೆಗೆ ಏನೂ ಗೊತ್ತಾಗಲಿಲ್ಲ. ಉಳಿದ ಮೂವರು ಪರದೆಯ ಪಕ್ಕ ಕೂತು, ಅಲ್ಲಿಂದಲೇ ಮೆಲ್ಲಗೆ ಹಾಡಿಗೆ ದನಿಗೂಡಿಸಿದರು. ಅಜ್ಜಿಯ ತಲೆ ಬರಿದಾಗಿತ್ತು.

ಹಾಡು ಮುಗಿದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಇದನ್ನಾದರೂ ಎಸೆಯದೆ ಹಿಡಿದುಕೋ ಎಂದು ಅಜ್ಜಿ ಕೊಟ್ಟ ಖಾಲಿ ಗೋಣಿ ನನ್ನ ಎರಡೂ ಕೈಯಲ್ಲಿತ್ತು.