ಮಧ್ಯಾನದಾಗ ಬಂದು ನೋಡ್ರಿ

ಹೋದ ವಾರ ತಂಗಿಯ ಮಗಳ ಬಾಣಂತನ ನೋಡಲು ಗಜೇಂದ್ರಗಡಕ್ಕೆ ಹೋಗಿದ್ದೆ. ಹಿತ್ತಲಿಗೆ ಕಾಲಿಡುತ್ತಿದ್ದಂತೆಯೇ ಲಕ್ಕಿ ತಪ್ಪಲು ಹಾಕಿ ಕುದಿಸಿದ ನೀರಿನ ವಾಸನೆ ಮೂಗಿಗೆ ಬಡಿಯಿತು. ಹಂಡೆಯ ತುಂಬ ನೀರು, ಬಚ್ಚಲಿನ ತುಂಬ ಹಬೆ. ತಂಗಿ ಅದನ್ನು ಮೂಗು ಅರಳಿಸಿ ಎಳೆದುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಪಾಪ, ಬಾಣಂತಿಯ ತಪ್ಪೇನೂ ಇರಲಿಲ್ಲ. ಆ ವಾಸನೆಯ ಹಿಂದೆಯೇ ನರಗುಂದದ ನಮ್ಮ ಪಕ್ಕದ ಮನೆಯ ವೈನಿ ಕಣ್ಣಮುಂದೆ ಬಂದು ನಿಂತಳು, ಅಷ್ಟೆ...

ಸ್ವಂತ ವೈನಿಯಲ್ಲ. ಪಕ್ಕದ ಮನೆಯ ಹಿರಿಮಗನನ್ನು ಸಣ್ಣಂದಿನಿಂದ ಅಣ್ಣ ಎಂದು ಕರೆದವಳು ನಾನು. ಅವನು ಜಕ್ಕಲಿಯಿಂದ ಹೆಂಡತಿಯನ್ನು ತಂದಾಗ ಅವಳು ವೈನಿಯಾದಳು. ಕಾಳಿನ ವ್ಯಾಪಾರದ ಮನೆ, ಊಟಕ್ಕೆ ಕುಳಿತರೆ ಎರಡು ಪಂಕ್ತಿ. ನಾನು ಆಗಷ್ಟೇ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಜೆ ಇಬ್ಬರೂ ಕೂಡಿ ಗುಡ್ಡದ ಕಡೆ ಹೊರಟರೆ ಅವಳ ಹಿಂದೆ ನಾನು ಓಡಬೇಕಾಗುತ್ತಿತ್ತು, ಅಂಥ ನಡಿಗೆ ಅವಳದು. 'ಸರಕಾರದ ಪಗಾರ ತಿಂದು ಕಾಲು ದಪ್ಪ ಆಗ್ಯಾವು ನಿನ್ನುವು' ಎಂದು ಕಾಡಿಸುತ್ತಿದ್ದಳು.

ಮೊದಲು ಹೋದದ್ದು ಕಣ್ಣು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಎಡಗಣ್ಣಿಗೆ ಮಂಜು ಕವಿಯುತ್ತಿತ್ತು. ಎದ್ದು ಹೊರಗೆ ಗಾಳಿಗೆ ನಿಂತರೆ ತಿಳಿಯಾಗುತ್ತಿತ್ತು. ಕಣ್ಣಿನ ಡಾಕ್ಟರು ನೋಡಿ ಏನೂ ಇಲ್ಲ ಎಂದು ಕಳಿಸಿದರು. ಕೆಲವು ತಿಂಗಳು ಅದು ತಾನಾಗಿಯೇ ಹೋಗಿ, ಮತ್ತೆ ಬಂತು. ಆಮೇಲೆ ಪಾದದಲ್ಲಿ ಜೋಮು ಹಿಡಿಯಿತು, ಅದು ಮೊಣಕಾಲಿಗೆ ಏರಿತು. ಮುಂಜಾನೆ ನೆಟ್ಟಗೆ ಓಡಾಡುವವಳು ಬಿಸಿಲೇರಿದ ಮೇಲೆ ಗೋಡೆ ಹಿಡಿಯುತ್ತಿದ್ದಳು. ಬುತ್ತಿ ಹೊತ್ತು ಹೊಲಕ್ಕೆ ಹೋದರೆ ದಾರಿಯಲ್ಲೇ ಕುಸಿದು ಕೂಡುತ್ತಿದ್ದಳು.

ಅವಳ ಅತ್ತೆ ಮೊದಲಿನಿಂದಲೂ ಕೆಟ್ಟವರೇನಲ್ಲ. ನರ ಹಿಡಿದಿದೆ, ಕಾವು ಕೊಟ್ಟರೆ ಬಿಡುತ್ತದೆ ಎಂಬುದು ನಮ್ಮ ಕಡೆ ಎಲ್ಲ ಹೆಂಗಸರ ನಂಬಿಕೆ. ತಾವೇ ಎಣ್ಣೆ ತಿಕ್ಕಿ, ಲಕ್ಕಿ ತಪ್ಪಲಿನ ಸುಡುನೀರನ್ನು ಬಿಂದಿಗೆ ಬಿಂದಿಗೆ ಸುರಿದರು. ನೀರು ಬಿದ್ದಂತೆಲ್ಲ ವೈನಿಯ ಕಾಲು ಒದ್ದೆ ಅರಿವೆಯ ಹಾಗೆ ಆಗುತ್ತಿದ್ದವು. ಇಬ್ಬರು ಹಿಡಿದು ಹೊರಗೆ ತಂದು ಮಲಗಿಸಬೇಕಿತ್ತು. ಮೈ ಆರಿತೆಂದರೆ ತಾನೇ ಎದ್ದು ಕೂಡುತ್ತಿದ್ದಳು. ಇನ್ನೂ ಸಾಲದೇನೋ ಎಂದು ಅತ್ತೆ ಮರುದಿನ ನೀರನ್ನು ಇನ್ನಷ್ಟು ಕಾಯಿಸುತ್ತಿದ್ದರು. ಹೀಗೆ ಕಾಯಿಸಿ ಕಾಯಿಸಿ ಬೇಸತ್ತವರು ಒಂದು ದಿನ ಬಾಯಿಬಿಟ್ಟು ಹೇಳಿಯೇ ಬಿಟ್ಟರು.

'ಕೆಲಸದ ಹೊತ್ತಿಗೆ ಕಾಲು ಬೀಳ್ತಾವ, ಕೆಲಸ ಮುಗದ ಮ್ಯಾಲೆ ಎದ್ದು ಕುಂದರ್ತಾಳ. ರೊಟ್ಟಿ ಬಡಿಯೂ ಮುಂದ ಕಣ್ಣು ಕಾಣಂಗಿಲ್ಲ, ಟೀವಿ ನೋಡೂ ಮುಂದ ಕಾಣ್ತಾವ. ಸೋಗು ಇದು.'

ಸೋಗು. ಆ ಒಂದು ಮಾತು ಓಣಿಯನ್ನೆಲ್ಲ ಸುತ್ತಿ ಬಂತು. ವೈನಿ ಸೋಗಲಾಡಿ ಆದಳು. ನನ್ನ ಎದುರಿಗೇ ಅಂದವರಿದ್ದಾರೆ. ಅವರಲ್ಲಿ ಕೆಲವರು ಈಗಲೂ ನನ್ನನ್ನು ಕಂಡು ನಗುತ್ತಾರೆ, ನಾನು ನಗುವುದಿಲ್ಲ.

ಕಡೆಗೆ ಹಿರಿಯರನ್ನು ಕೂಡಿಸಿದರು. ಚಳಿಗಾಲ. ಪೇಟೆ ತೆರೆಯುವ ಮುಂಚೆ ಮುಗಿಸಿಬಿಡೋಣ ಎಂದು ಮುಂಜಾನೆಯೇ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆವು. ವೈನಿಗೆ ಕಂಬದಿಂದ ತಲೆಬಾಗಿಲವರೆಗೆ ನಡೆದು ತೋರಿಸು ಎಂದರು. ಅವಳು ನಡೆದಳು. ಚೆನ್ನಾಗಿಯೇ ನಡೆದಳು. ತಿರುಗಿ ಬಂದು ನಿಂತು, 'ಈಗ ಬರ್ತಾವ್ರಿ ಕಾಲು. ಮಧ್ಯಾನದಾಗ ಬಂದು ನೋಡ್ರಿ' ಎಂದಳು.

'ಯಾಕವಾ, ನಿನ್ನ ಕಾಲು ಗಡಿಯಾರ ಕಟಗೊಂಡಾವೇನು?' ಎಂದರು ಒಬ್ಬರು. ಜಮಖಾನೆಯ ಮೇಲೆ ಕೂತವರೆಲ್ಲ ನಕ್ಕರು. ಅಣ್ಣ ಎನಿಸಿಕೊಂಡ ಮಹಾಶಯ ಕಂಬಕ್ಕೆ ಆತು ಕೂತು ಉಗುರು ಕಚ್ಚುತ್ತಿದ್ದ.

ನಾನು ಬಾಗಿಲ ಹಿಂದಿನಿಂದಲೇ, ಮಧ್ಯಾಹ್ನದವರೆಗೆ ತಡೆಯಿರಿ, ಕಣ್ಣಾರೆ ನೋಡಿರಿ ಎಂದೆ. ಮಂದಿ ಮನೆಯ ಪಂಚಾಯಿತಿ ನಿನಗೇಕೆ ಎಂದು ಬೈಸಿಕೊಂಡೆ. ಅವರಿಗೆ ಪೇಟೆಗೆ ಹೊತ್ತಾಗಿತ್ತು. ಅರ್ಧ ದಿನ, ಬರೀ ಅರ್ಧ ದಿನ ಕೂತಿದ್ದರೆ ಆಗುತ್ತಿತ್ತು... ಚಹಾ ಕುಡಿದು ಎದ್ದುಹೋದರು. ವೈನಿಯನ್ನು ಆ ವಾರವೇ ತವರಿಗೆ, ಜಕ್ಕಲಿಗೆ ಬಿಟ್ಟು ಬಂದರು. ಮುಂದೆ ಅಣ್ಣ ಇನ್ನೊಂದು ಮದುವೆಯಾದ. ಆ ಮದುವೆಯ ಊಟಕ್ಕೆ ನಾನು ಹೋಗಲಿಲ್ಲ.

ವರ್ಷಗಳು ಕಳೆದ ಮೇಲೆ ಅವಳ ತಮ್ಮ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ತೋರಿಸಿದ. ತಲೆಯನ್ನು ಯಂತ್ರದಲ್ಲಿಟ್ಟು ಚಿತ್ರ ತೆಗೆದರು. ರೋಗಕ್ಕೊಂದು ಹೆಸರು ಸಿಕ್ಕಿತು. ನಾನು ಜಕ್ಕಲಿಗೆ ಹೋದಾಗ ವೈನಿ ಹೊರಸಿನ ಮೇಲೆ ಒರಗಿ ಕೂತಿದ್ದಳು. ಹಣೆಯ ಮೇಲೆ ತಣ್ಣೀರಿನ ಅರಿವೆ. ನರದ ಮೇಲೆ ಕೊಬ್ಬಿನ ಹೊದಿಕೆ ಇರುತ್ತದಂತೆ, ಅದಕ್ಕೆ ಮೈಲಿನ್ ಎನ್ನುತ್ತಾರಂತೆ. ಹೊದಿಕೆಯಲ್ಲಿ ಅಲ್ಲಲ್ಲಿ ಸಣ್ಣ ಸಂದು. ಮಿದುಳಿನ ಮಾತು ಸಂದಿನಿಂದ ಸಂದಿಗೆ ಜಿಗಿಯುತ್ತ ಕಾಲಿಗೆ ಮುಟ್ಟುತ್ತದೆ. ಡಾಕ್ಟರು ಹೇಳಿದ್ದನ್ನು ವೈನಿ ತನ್ನ ಊರಿನ ಹಳ್ಳಕ್ಕೆ ಇಳಿಸಿಕೊಂಡಿದ್ದಳು.

'ಕಲ್ಲಿಂದ ಕಲ್ಲಿಗೆ ಜಿಗದು ಹಳ್ಳ ದಾಟತೀವಲ್ಲ, ಹಂಗ. ನನ್ನ ಮೈಯಾಗಿನ ಸಿಟ್ಟ ಆ ಹೊದಿಕಿ ತಿಂದೈತಂತ. ಈಗ ಜಿಗಿಯಾಕ ಬರಂಗಿಲ್ಲ, ಎರಿ ಕೆಸರಿನ್ಯಾಗ ಹುಗಕೋಂತ ನಡೀಬೇಕು. ತಂಪಿದ್ರ ಹೆಂಗರ ಮುಟ್ಟತೈತಿ. ಕಾವು ಏರಿತಂದ್ರ ನಡುವ ನಿಂತಬಿಡತೈತಿ.'

ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಹೊದಿಕೆಯನ್ನು ತಿನ್ನುವುದಕ್ಕೆ ಅವಳು ಸಿಟ್ಟು ಎಂದು ಹೆಸರಿಟ್ಟಿದ್ದಳು. ಬಿಸಿನೀರಿನಿಂದ ರೋಗ ಬರುವುದಿಲ್ಲ, ಇದ್ದದ್ದು ಎದ್ದು ಕಾಣುತ್ತದೆ ಎಂದೂ ಡಾಕ್ಟರು ಹೇಳಿದ್ದರಂತೆ. ಅಂದರೆ ಅತ್ತೆಯ ಬಚ್ಚಲಿನಲ್ಲಿ ದಿನಾಲೂ ರೋಗ ತಾನಾಗಿ ಸಾಕ್ಷಿ ಹೇಳುತ್ತಿತ್ತು. ಆ ಸಾಕ್ಷಿಯನ್ನೇ ಇವರು ಸೋಗು ಎಂದರು. ಬೇಗ ತಂದಿದ್ದರೆ ಔಷಧ ಕೊಟ್ಟು ರೋಗದ ಓಟವನ್ನು ತಡೆಯಬಹುದಿತ್ತು, ಹೋದ ಹೊದಿಕೆಯನ್ನೆಲ್ಲ ಮರಳಿ ತರುವುದು ಆಗದು ಎಂದರಂತೆ. ವೈನಿ ಇದನ್ನು ನಗುತ್ತಲೇ ಹೇಳಿದಳು. ಹೊರಡುವಾಗ ನನ್ನ ಸೆರಗು ಹಿಡಿದು, 'ಅವರಿಗೆ ಹೇಳು, ಖರೇ ಇತ್ತಂತ. ಮತ್ತೇನು ಬ್ಯಾಡ ನನಗ' ಎಂದಳು.

ಹೇಳಿದೆ. ಬಂದ ದಿನವೇ ಅವರ ಪಡಸಾಲೆಯಲ್ಲಿ ನಿಂತು ಹೇಳಿದೆ. ಡಾಕ್ಟರುಗಳು ಏನಾದರೊಂದು ಹೆಸರು ಹಚ್ಚುತ್ತಾರೆ ಎಂದು ಅಣ್ಣ ಮುಖ ತಿರುಗಿಸಿದ.

ಈ ಬೇಸಿಗೆಗೆ ವೈನಿ ಹೋದಳು. ಬೆನ್ನಿಗೆ ಹಾಸಿಗೆ ಹುಣ್ಣು, ಅದರ ಹಿಂದೆ ಇಳಿಯದ ಜ್ವರ. ಮಣ್ಣು ಕೊಟ್ಟು ಬಂದೆ. ನರಗುಂದದಿಂದ ಹೋದವಳು ನಾನೊಬ್ಬಳೇ.

ನಿನ್ನೆ ಸಂಜೆ ಪಕ್ಕದ ಮನೆಯ ಆ ಮುದುಕಿ, ವೈನಿಯ ಅತ್ತೆ, ಕಟ್ಟೆಯ ಮೇಲಿನಿಂದ ನನ್ನನ್ನು ಕರೆದರು. ಬಹಳ ಹೊತ್ತು ಅದೂ ಇದೂ ಮಾತಾಡಿ, ದನಿ ತಗ್ಗಿಸಿ ಕೇಳಿದರು:

'ಹಂಗಾದ್ರ ಖರೇನ ಇತ್ತೇನವಾ ಆಕಿ ಬ್ಯಾನಿ?'

'ಖರೇನ ಇತ್ರಿ.'

'ಯಾರಿಗೆ ಗೊತ್ತಿತ್ತವಾ...' ಎಂದು ಅವರು ಕಣ್ಣಿಗೆ ಸೆರಗು ಹಚ್ಚಿದರು.

ಸಮಾಧಾನ ಹೇಳಲು ನನ್ನಿಂದ ಆಗಲಿಲ್ಲ. ಹೇಳಬೇಕಾದವಳು ಮಣ್ಣಿನಲ್ಲಿದ್ದಾಳೆ.

'ಆಕಿಗೆ ಗೊತ್ತಿತ್ರಿ,' ಎಂದೆ. 'ಹೇಳಿದ್ಳು ನಿಮಗ.'