ಶಿವರಾತ್ರಿಗೆ ಮುಂಚೆ ಇಳಿಸಿದ ಹೊಂಗೆಕಾಯಿ

ಬೆಳಗಿನ ಆರು ಗಂಟೆ. ಹೇರೋಹಳ್ಳಿಯ ಹೊಸ ಬಡಾವಣೆಯ ಪಾರ್ಕಿನಲ್ಲಿ, ಹೊಂಗೆ ಮರದ ಬುಡದಲ್ಲಿ ಕೂತು ಬೋರಮ್ಮ ಹಸಿರು ಕಾಯಿಯೊಂದನ್ನು ಉಗುರಿನಿಂದ ಸೀಳುತ್ತಿದ್ದಾರೆ. ಪಕ್ಕದಲ್ಲಿ ಅಂಥವೇ ಕಾಯಿಗಳ ಮೂರು ಮೂಟೆ. ಮರದ ಅರ್ಧಭಾಗ ಬೋಳು. ರಾಜ್ಯೋತ್ಸವದ ಲೈಟಿಂಗ್‌ಗೆ ಅಡ್ಡವೆಂದು ಬಡಾವಣೆ ಸಂಘದವರು ನಿನ್ನೆ ಕಡಿಸಿದ್ದಾರೆ. ಉಳಿದರ್ಧಕ್ಕೆ ಆಳುಗಳು ಇವತ್ತು ಬರಬೇಕು.

"ನೋಡಿ ಸಾರ್," ಎಂದು ಕಾಯಿಯನ್ನು ನನ್ನ ಮುಖಕ್ಕೇ ಹಿಡಿಯುತ್ತಾರೆ. ಒಳಗಿನ ಬೀಜ ಸುಕ್ಕುಸುಕ್ಕು, ಒತ್ತಿದರೆ ಬರೀ ನೀರು. "ಸಿಪ್ಪೆ ಮೊದ್ಲು ಬೆಳೆದು ನಿಂತ್ಕೊತದೆ. ಬೀಜ ಆಮೇಲೆ ನಿಧಾನಕ್ಕೆ ತುಂಬ್ಕೊತದೆ. ಯುಗಾದಿ ಟೈಮಲ್ಲಿ ಹೂ ಬಿಟ್ರೆ, ಬೀಜ ಕೈಗೆ ಸಿಗೋಕೆ ಮುಂದಿನ ಶಿವರಾತ್ರಿ ಕಳೀಬೇಕು."

ಅರವತ್ತೆರಡರ ಬೋರಮ್ಮ ಮಲ್ಲತ್ತಹಳ್ಳಿಯ ನರ್ಸರಿಯೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ದಿನಗೂಲಿ. ದಿನಕ್ಕೆ ಮುನ್ನೂರು ಸಸಿಚೀಲಕ್ಕೆ ಮಣ್ಣು ತುಂಬುತ್ತಾರೆ, ವರ್ಷಕ್ಕೆ ಎರಡು ಸಾವಿರ ಹೊಂಗೆ ಸಸಿ ಏಳಿಸುತ್ತಾರೆ. ಅಷ್ಟೂ ಬೀಜ ಈಗ ಇದೊಂದೇ ಮರದ್ದು, ಉಳಿದ ಬೀಜದ ಮರಗಳನ್ನು ರಸ್ತೆ ಅಗಲೀಕರಣ ನುಂಗಿದೆ. ಬೀಜದ ಮರಕ್ಕೆ ಅವರು ದೋಟಿ ಹಾಕಿ ಕಾಯಿ ಕೀಳುವವರಲ್ಲ. ಕಂದು ಬಣ್ಣಕ್ಕೆ ತಿರುಗಿ ತಾನೇ ಉದುರಿದ್ದನ್ನಷ್ಟೇ ಆಯುತ್ತಾರೆ. ಹೊಂಗೆ ನೆರಳು ಹುಡುಕಿ ಕಾರು ನಿಲ್ಲಿಸುವ ನಾವು ಒಂದು ದಿನವೂ ಅವರ ಹೆಸರು ಕೇಳಿಲ್ಲ. ಸಸಿ ನೆಡುವ ಫೋಟೋದಲ್ಲಿ ಹಲ್ಲು ಕಿರಿಯುವವರೇ ಬೇರೆ.

ಆರೂವರೆಗೆ ಬಡಾವಣೆ ಸಂಘದ ಕಾರ್ಯದರ್ಶಿ ಚಕ್ರಪಾಣಿ ವಾಕಿಂಗ್ ಶೂ ಹಾಕಿಕೊಂಡು ಬರುತ್ತಾರೆ. ಹಿಂದೆ ಗರಗಸ ಹಿಡಿದ ಇಬ್ಬರು ಆಳುಗಳು. ಕಾರ್ಯದರ್ಶಿಗಳ ಮುಖದಲ್ಲಿ ಭಾರಿ ಉಪಕಾರ ಮಾಡಿದ ಕಳೆ!

"ಕಾಯೆಲ್ಲಾ ದೊಡ್ಡದಾಗಿ ಬಲ್ತಿತ್ತಲ್ಲಮ್ಮ. ನಿಮ್ಗೇ ಅಂತ ಮೂಟೆ ಕಟ್ಸಿಟ್ಟೆ. ಒಂದು ಥ್ಯಾಂಕ್ಸಾದ್ರೂ ಹೇಳ್ಬಾರ್ದಾ?"

ಬೋರಮ್ಮ ಧಡಕ್ಕನೆ ಎದ್ದು ನಿಲ್ಲುತ್ತಾರೆ. "ಆರು ತಿಂಗಳ ಬಸುರಿಗೆ ಹೊಟ್ಟೆ ಕಾಣ್ತದೆ ಅಂತ ಹೆರಿಗೆ ಮಾಡಿಸ್ಬಿಡ್ತೀರಾ ಸಾರ್?"

ಚಕ್ರಪಾಣಿ "ಅಲ್ಲಮ್ಮ, ಸೀರಿಯಲ್ ಸೆಟ್ಟು..." ಎಂದು ಗೊಣಗುತ್ತಾರೆ. ತಿಂಗಳೊಪ್ಪತ್ತಿನ ಬಣ್ಣದ ಬಲ್ಬಿಗೆ ಸಾವಿರ ಮರಗಳನ್ನು ಬೀಜದಲ್ಲೇ ಕೊಂದಿದ್ದಾರೆ, ಅದು ಅವರಿಗೆ ಇನ್ನೂ ತಲೆಗೆ ಹೋಗಿಲ್ಲ. ಮೈ ಉರಿಯದೆ ಇನ್ನೇನಾಗಬೇಕು? ಬೋರಮ್ಮ ಉಳಿದ ಕೊಂಬೆಗಳ ಕೆಳಗೆ ಹೋಗಿ ಕಾಂಡಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಆಳುಗಳಲ್ಲಿ ಹಿರಿಯ ನಾಗರಾಜು ಗರಗಸ ಕೆಳಗಿಡುತ್ತಾನೆ. "ಅಮ್ಮ ಹೇಳ್ತಿರೋದು ಸರಿ ಸಾರ್. ನಾನಂತೂ ಮುಟ್ಟಲ್ಲ."

"ಸರಿ, ಈ ವಾರ ಬಿಡಿ," ಎಂದು ಕಾರ್ಯದರ್ಶಿಗಳು ವಾಕಿಂಗ್ ಮುಂದುವರಿಸುತ್ತಾರೆ.

ಈ ವಾರ! ಕಾಯಿ ಬಲಿಯಲು ಇನ್ನೂ ನಾಲ್ಕು ತಿಂಗಳಿದೆ. ನಿಮಗೇನು ಬೇಕು ಎಂದು ನಾನು ಕೇಳಿದರೆ ಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ.

"ನಂಗೇನೂ ಬೇಡ. ಎರಡು ಸಾವಿರದಲ್ಲಿ ಅರ್ಧ ಹೋಯ್ತು, ಉಳಿದ ಸಾವಿರನಾದ್ರೂ ಏಳಿಸ್ತೀನಿ. ಅಲ್ಲೀಗಂಟ ದಿನಾ ಬೆಳಿಗ್ಗೆ ಬಂದು ಇಲ್ಲೇ ಕೂರ್ತೀನಿ. ಯಾವನು ಕುಯ್ತಾನೋ ನೋಡೇಬಿಡಣ."