ಬೆನ್ನ ಮೇಲೆ ಕುಳಿತವನು

೧೯೮೯ರಲ್ಲಿ ನನ್ನ ಓದು ನಿಂತಿತು. ವಿಜಯಪುರದ ಕಡೆಯ ಒಂದು ಶಾಲೆ, ಏಳನೇ ಇಯತ್ತೆ. ನಪಾಸಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಯಲ್ಲಿ ಬಲವಿತ್ತು, ಮನೆಗೆ ಅದು ಬೇಕಾಗಿತ್ತು. ಆ ಬಲವನ್ನೇ ತಗೊಂಡು ಬಂದು ವಾಶಿಯ ಸಗಟು ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲನಾದೆ. ನನ್ನ ಚೀಲಕ್ಕೆ ಇನ್ನೊಬ್ಬ ಕೈ ಹಚ್ಚಿದ್ದನ್ನು ಅಲ್ಲಿ ಯಾರೂ ನೋಡಿಲ್ಲ.

ಅಂಥ ಬೆನ್ನು ಹಿಡಿದದ್ದು ಚೀಲದಿಂದಲ್ಲ, ಮಗಳಿಂದ.

೨೦೦೫ರ ಮಾತು. ಘಣಸೋಲಿಯ ಹಳೇ ಊರಿನಲ್ಲಿ ಬಾಡಿಗೆ ಖೋಲಿ. ಹೆಂಡತಿ ವಾಗ್ಳೆ ಎಸ್ಟೇಟಿನ ಒಂದು ಪ್ಯಾಕಿಂಗ್ ಕಂಪನಿಗೆ ಬೆಳಿಗ್ಗೆಯೇ ಹೊರಟರೆ ಬರುವುದು ಸಂಜೆಗೆ. ನಾನು ನಸುಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಮಧ್ಯಾಹ್ನ ತಿರುಗಿ ಬರುತ್ತಿದ್ದೆ. ಅಲ್ಲಿಯತನಕ ಮಗಳು ಮನೆ ಮಾಲಕಿ ಆಜಿಯ ಹತ್ತಿರ. ಆಮೇಲೆ ಜಳಕ, ಊಟ, ಜಡೆ ಎಲ್ಲ ನನ್ನ ಪಾಲಿಗೆ. ಒಂದು ದಿನ ಜಳಕವಾದ ಮೇಲೆ ನಾಲ್ಕು ವರ್ಷದ ಕೂಸನ್ನು ಖೋಲಿಯ ಮೂಲೆಯ ಮೋರಿಯಿಂದ ಎತ್ತಲು ಬಗ್ಗಿದೆ. ಸೊಂಟದ ಎಡಗಡೆ ಏನೋ ಚಳಕ್ಕೆಂದಿತು. ಬಗ್ಗಿದವನು ಬಗ್ಗಿದ ಹಾಗೇ ಉಳಿದೆ. ಮಗಳು ಕೈಯಲ್ಲಿ ಜೋತಾಡುತ್ತ ನಗುತ್ತಿದ್ದಳು, ಆಟವೆಂದುಕೊಂಡು.

ಮಾರ್ಕೆಟ್ಟಿನವರು ಸುಮ್ಮನಿರುತ್ತಾರೆಯೇ? "ಏ ಪೈಲ್ವಾನ, ಲಾರಿಗಟ್ಲೆ ಕಾಂದಾ ಚೀಲ ಇಳಿಸಿದಿ, ಒಂದು ಕೂಸು ಎತ್ತಾಕ ಆಗಲಿಲ್ಲೇನು?"

ಮೂರನೇ ದಿನ ಆಜಿ ಬಂದು ನನ್ನ ಅವಸ್ಥೆ ನೋಡಿ, ಮರಾಠಿಯಲ್ಲಿ ಕೇಳಿದಳು, "ಪೋರಿ ಹೇಗೆ ಹುಟ್ಟಿದ್ದು?"

"ಕಲ್ಯಾಣದಾಗ, ದವಾಖಾನೆಯಾಗ."

"ಎಲ್ಲಿ ಅಂತ ಕೇಳಲಿಲ್ಲವೋ. ತಲೆ ಮೊದಲೋ, ಕಾಲು ಮೊದಲೋ?"

ಕಾಲು ಮೊದಲು. ನಮ್ಮ ಕಡೆಯೂ ಹೇಳುತ್ತಾರೆ, ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಹಿಡಿದ ಬೆನ್ನು ಬಿಡುತ್ತದೆ ಅಂತ. ಆಜಿ ಹಣೆ ಬಡಿದುಕೊಂಡಳು. "ಔಷಧ ಮನೆಯಲ್ಲೇ ಓಡಾಡುತ್ತಿದೆ, ನೀನು ಬಾಮ್ ಹಚ್ಚುತ್ತ ಕೂತಿದ್ದೀಯ."

ಅವಳು ಹೇಳಿದಂತೆ ಹೊಸ್ತಿಲ ಮೇಲೆ ಅಡ್ಡ ಬೋರಲು ಮಲಗಿದೆ, ತಲೆ ಒಳಗೆ, ಕಾಲು ಗಲ್ಲಿಗೆ. ಮಗಳು ಎಡಗಾಲಿನಿಂದ ಮೂರು ಸಲ ತುಳಿಯಬೇಕು. ಮೂರನೆಯದಕ್ಕೆ ಇಟ್ಟ ಕಾಲನ್ನು ತೆಗೆಯಲಿಲ್ಲ.

"ಪಪ್ಪಾ, ಇಥೆ ಕೋಣೀತರಿ ಬಸಲಯ್," ಎಂದಳು. ಇಲ್ಲಿ ಯಾರೋ ಕುಂತಾರ.

ನಾನು ನಕ್ಕೆ. "ಯಾರವ್ವಾ?"

"ಮಾರಿ ಕಾಣೂದಿಲ್ಲ. ಆ ಕಡಿ ತಿರುಗ್ಯಾನ."

ಸ್ವಲ್ಪ ಹೊತ್ತಿಗೆ ಅವಳ ಕಣ್ಣು ನನ್ನ ಬೆನ್ನಿನಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಗಲ್ಲಿಗೆ ಮೆಲ್ಲಗೆ ಸರಿಯಿತು, ನಡೆದು ಹೋಗುವವರನ್ನು ನೋಡುವ ಹಾಗೆ. "ಇಳದ," ಎಂದಳು. ಗಲ್ಲಿಯಲ್ಲಿ ಉರಿಬಿಸಿಲು, ಒಂದು ನಾಯಿ ಸಹ ಇರಲಿಲ್ಲ. ನಾನು ಎದ್ದು ಕುಳಿತೆ. ನೋವು ಇರಲಿಲ್ಲ.

ಆಮೇಲೆ ಅದು ರೂಢಿಯಾಯಿತು. ಮಳೆಗಾಲಕ್ಕೊಮ್ಮೆ, ದೀಪಾವಳಿಯ ಗದ್ದಲಕ್ಕೊಮ್ಮೆ ಬೆನ್ನು ಹಿಡಿಯುವುದು, ಮಗಳು ತುಳಿಯುವುದು, "ಇಳದ" ಎನ್ನುವುದು, ನಾನು ಮರುದಿನ ಚೀಲಕ್ಕೆ ಹೋಗುವುದು. ಸುದ್ದಿ ಕೇಳಿ ನಮ್ಮ ಜಿಲ್ಲೆಯ ಹಮಾಲರೂ ಬಂದು ಹೊಸ್ತಿಲ ಮೇಲೆ ಮಲಗಿದರು. ಮಗಳು ತುಳಿದು, "ಇಲ್ಲಿ ಯಾರೂ ಇಲ್ಲ," ಎಂದು ಇಳಿದುಬಿಡುತ್ತಿದ್ದಳು. ನೋವು ಹಾಗೇ ಇರುತ್ತಿತ್ತು.

"ನಿಮ್ಮಪ್ಪಗಷ್ಟೇ ರಿಜರ್ವೇಶನ್ ಏನವ್ವಾ?" ಎಂದು ಒಬ್ಬ ಸಿಟ್ಟಾದ. ಉಳಿದವರು ನಕ್ಕರು.

ಹೆಂಡತಿ ಮಾತ್ರ ನಗಲಿಲ್ಲ. ರೊಟ್ಟಿ ಬಡಿಯುತ್ತ ಕೇಳಿದಳು, "ಇಳದ ಅಂತಾಳಲ್ಲ, ಇಳದು ಎಲ್ಲಿಗೆ ಹೋಗ್ತಾನ?"

"ಎಲ್ಲಿಗ್ಯಾರ ಹೋಗಲಿ. ನನ್ನ ಕೆಲಸ ತಪ್ಪಲಿಲ್ಲ."

ಮಗಳು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಎಂದಿನಂತೆ ತುಳಿದಳು. ನೋವು ಹೋಯಿತು. ನಾನು ಅಂಗಿ ಹಾಕಿಕೊಳ್ಳುತ್ತ ತಿರುಗಿದರೆ, ಅವಳು ಗೋಡೆ ಹಿಡಿದು ನಿಂತಿದ್ದಳು. ಎಡಗೈ ಸೊಂಟದ ಮೇಲೆ, ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ. ಅದು ನನ್ನ ಹಿಡಿತ. ಬೆನ್ನು ಹಿಡಿದಾಗ ನಾನು ನಿಲ್ಲುವ ರೀತಿ.

"ಏನಾತು?"

"ಕುಛ್ ನಹೀ, ಪಪ್ಪಾ." ಗೋಡೆ ಬಿಟ್ಟು ಹೇಳಿದಳು, "ಅವ ಈಗೀಗ ಗಲ್ಲಿ ತನಕ ಹೋಗೂದಿಲ್ಲ."

ಎಲ್ಲಿ ನಿಲ್ಲುತ್ತಾನೆ ಎಂದು ನಾನು ಕೇಳಲಿಲ್ಲ. ಅವಳು ಊಟಕ್ಕೆ ಕುಳಿತಳು. ಎಡಭುಜ ಒಂದಿಷ್ಟು ಕೆಳಗಿತ್ತು.

ಠಾಣೆಯಲ್ಲಿ ಅವಳ ಎಕ್ಸ್‌ರೇ ತೆಗೆಸಿದೆ. ಏನೂ ಇಲ್ಲ, ಶಾಲೆಯ ಚೀಲ ಭಾರ ಅಂದರು. ಅಂದೇ ನನ್ನದೂ ತೆಗೆಸಿದೆ. ನನ್ನ ಬೆನ್ನೆಲುಬಿನ ಒಂದು ಮಣಿ ಸರಿದಿತ್ತು. ವ್ಯಾಯಾಮ ಕಲಿಸುವ ಡಾಕ್ಟರಮ್ಮ ಉಡುಪಿ ಕಡೆಯವರು. "ಬಗ್ಗುದು ಸೊಂಟದಿಂದ ಅಲ್ಲ ಮಾರಾಯ್ರೆ, ಮೊಣಕಾಲಿಂದ," ಎಂದರು. ಎತ್ತುವುದನ್ನು ನನಗೆ ಕಲಿಸುವವರು ಇವರ‍್ಯಾರು ಅನಿಸಿತು. ಆದರೂ ಕಲಿತೆ. ಬೆನ್ನು ಹಿಡಿದಾಗ ಮಗ್ಗುಲಾಗಿ, ಮೊಣಕಾಲು ಮಡಚಿ, ಮೊಣಕೈ ಊರಿ ಏಳುವುದನ್ನೂ ಕಲಿತೆ. ಮಗಳಿಗೆ, ಇನ್ನು ಮುಂದೆ ಕಾಲು ಹಚ್ಚಬ್ಯಾಡ ಅಂತ ಹೇಳಿದೆ. ಒಂದು ವರ್ಷ ನೋವು ಬರಲೇ ಇಲ್ಲ. ಕಾಯುತ್ತಿತ್ತು ಅನಿಸುತ್ತದೆ.

೨೦೧೭ರಲ್ಲಿ ಅವಳ ಹತ್ತನೇ ಬೋರ್ಡ್ ಪರೀಕ್ಷೆ, ಮೊದಲ ಪೇಪರ್. ಹೆಂಡತಿ ಕೆಲಸಕ್ಕೆ ಹೋಗಿಯಾಗಿತ್ತು. ಮಗಳನ್ನು ಪರೀಕ್ಷೆಗೆ ಬಿಡಲೆಂದೇ ನಾನು ಮಾರ್ಕೆಟ್ಟಿಗೆ ರಜೆ ಹಾಕಿದ್ದೆ. ಬಾಗಿಲ ಹತ್ತಿರದ ಚಪ್ಪಲಿಗೆ ಕೈ ಹಾಕಿದೆ, ಅಷ್ಟೇ. ಯಾರೋ ಹೆಗಲು ಹಿಡಿದು ಮಲಗಿಸಿದ ಹಾಗೆ ಹೊಸ್ತಿಲ ಮೇಲೇ ಬೋರಲು ಬಿದ್ದೆ. ತಲೆ ಒಳಗೆ, ಕಾಲು ಗಲ್ಲಿಗೆ.

ಮಗಳು ಚೀಲ ಕೆಳಗಿಟ್ಟಳು. ಎಡಗಾಲಿನ ಬೂಟು ಬಿಚ್ಚುವ ಸಪ್ಪಳ ಕೇಳಿಸಿತು.

"ಬ್ಯಾಡ."

"ಎರಡ ನಿಮಿಷ, ಪಪ್ಪಾ. ಕುಂತಾನ ಅವ."

"ಗೊತ್ತೈತಿ. ಕುಂದ್ರಲಿ. ಬೂಟ್ ಹಾಕ್ಕೊ."

"ನಿನಗ ಏಳಾಕ ಬರೂದಿಲ್ಲ."

"ನೀ ದಾಟಿ ಹೋಗು."

ಅವಳು ಅಲ್ಲೇ ನಿಂತಳು. "ಮಲಗಿದವರನ್ನ ದಾಟಬಾರದು ಅಂತಾಳ ಆಜಿ."

"ಆಜಿಗೆ ಇವತ್ತು ಪರೀಕ್ಷೆ ಇಲ್ಲ. ದಾಟು."

ದಾಟಿದಳು. ಲಂಗದ ಅಂಚು ಸಹ ತಾಗಲಿಲ್ಲ. ಅವಳ ನೆರಳು ಬೆನ್ನ ಮೇಲೆ ಹಾದು ಹೋದಾಗ ನನ್ನ ಸೊಂಟದ ಮೇಲಿನ ಭಾರ ಅಲುಗಾಡಿತು, ಕುಳಿತವನು ಅವಳು ಹೋದ ದಿಕ್ಕಿಗೆ ಹೊರಳಿದ ಹಾಗೆ. ಗಲ್ಲಿಯ ಕೊನೆಯಲ್ಲಿ ರಿಕ್ಷಾ ಹೊರಟ ಶಬ್ದ ಕೇಳುವವರೆಗೆ ನಾನು ಉಸಿರು ಬಿಗಿಹಿಡಿದಿದ್ದೆ.

ಆಮೇಲೆ ಅವನಿಗೆ ಹೇಳಿದೆ, ನಮ್ಮ ಭಾಷೆಯಲ್ಲೇ. "ಕುಂದ್ರು. ಆಕಿ ಹಿಂದ ಹೋಗೂದಿಲ್ಲ ನೀ."

ಮಗ್ಗುಲಾದೆ. ಮೊಣಕಾಲು ಮಡಚಿದೆ. ಮೊಣಕೈ ಊರಿ, ಬಾಗಿಲ ಚೌಕಟ್ಟು ಹಿಡಿದು ಎದ್ದೆ. ಏಳುವಷ್ಟರಲ್ಲಿ ಹೊಸ್ತಿಲ ಮೇಲಿನ ಬಿಸಿಲು ಒಲೆಯವರೆಗೆ ಸರಿದಿತ್ತು. ಎದ್ದವನು ನಾನೊಬ್ಬನೇ ಆಗಿರಲಿಲ್ಲ. ಭಾರ ಸೊಂಟದಲ್ಲೇ ಇತ್ತು.

ಸಂಜೆ ಮಗಳು ಬಂದಳು. ಪೇಪರ್ ಹೇಗಿತ್ತೆಂದು ಹೆಂಡತಿ ಕೇಳುತ್ತಿದ್ದಳು. ನಾನು ಮಗಳ ಭುಜ ನೋಡುತ್ತಿದ್ದೆ. ಎರಡೂ ಸಮ ಇದ್ದವು. ಅವಳು ನನ್ನ ಬೆನ್ನಿನ ಹಿಂದೆ ಒಂದು ಸಲ ನೋಡಿ, ಕಣ್ಣು ಕೆಳಗೆ ಮಾಡಿ, ಸೀದಾ ಒಳಗೆ ಹೋದಳು. ಅಂದಿನಿಂದ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತದ್ದನ್ನು ನಾನು ನೋಡಿಲ್ಲ.

ಚೀಲ ಹೊರುವುದನ್ನು ಬಿಟ್ಟೆ. ಅದೇ ಮಾರ್ಕೆಟ್ಟಿನಲ್ಲಿ ಕಾಟಾದ ಮುಂದೆ ನಿಂತು ತೂಕ ಮಾಡುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಘಣಸೋಲಿಯಲ್ಲಿ ಒಂದು ಖೋಲಿ. ಒಬ್ಬ ಹೆಂಡತಿ. ನೆಟ್ಟಗೆ ನಡೆಯುವ ಒಬ್ಬ ಮಗಳು. ಎರಡು ಸೊಂಟಪಟ್ಟಿ. ಒಂದು ಬೆನ್ನು. ಅದರ ಮೇಲೆ ಒಬ್ಬ.